ಜೋಡಿ ಆಕ್ಸಲ್ ಕ್ಯಾರವಾನ್: ಎರಡು ಕಡೆ ಇಳಿಜಾರಿರುವ ಎರೆ ನೆಲದಲ್ಲಿ ಮಟ್ಟ ಮಾಡುವುದು ಹೇಗೆ?

ಹಿನ್ನೀರು_ತೋಟ

ಎಲ್ಲರಿಗೂ ನಮಸ್ಕಾರ. ವಾಣಿವಿಲಾಸ ಸಾಗರದ ಹಿನ್ನೀರಿನ ಹತ್ತಿರ, ಹೊಸದುರ್ಗ ಬದಿಯ ತೋಟದಲ್ಲಿ ಜೋಡಿ ಆಕ್ಸಲ್ ಕ್ಯಾರವಾನ್ (ವಾಹನದ ಹಿಂದೆ ಎಳೆದೊಯ್ಯುವ ಗಾಲಿಮನೆ; ಎರಡು ಆಕ್ಸಲ್, ನಾಲ್ಕು ಗಾಲಿ) ಮೂರು ತಿಂಗಳು ನಿಲ್ಲಬೇಕಿದೆ. ಒಳಗೆ ವಾಸ ಇರುತ್ತದೆ. ಅಳತೆಗಳು ಹೀಗಿವೆ:

ತುಂಬಿದ ತೂಕ 1,800 ಕೆಜಿ. ರಬ್ಬರ್ ಟಾರ್ಷನ್ ಆಕ್ಸಲ್. ಎಡ ಗಾಲಿಯಿಂದ ಬಲ ಗಾಲಿಗೆ 2 ಮೀಟರ್. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 80 ಸೆಂ.ಮೀ. ಎರಡೂ ಆಕ್ಸಲ್‌ಗಳ ನಡುಮಧ್ಯದಿಂದ, ಗಾಡಿಯ ಮೂತಿಯನ್ನು (ಕೊಂಡಿಯಿರುವ ಮುಂತುದಿ) ಎತ್ತಿ ಇಳಿಸುವ ಚಿಕ್ಕ ಗಾಲಿಯಾದ ಜಾಕಿ ವೀಲ್‌ಗೆ 4.2 ಮೀಟರ್.

ನೆಲ ಬಲಕ್ಕೂ ಇಳಿದಿದೆ, ಮುಂದಕ್ಕೂ ಇಳಿದಿದೆ. ನೆಲದ ಮೇಲೆ ನೇರ ಪಟ್ಟಿ ಹಾಕಿ 60 ಸೆಂ.ಮೀ. ರಸಮಟ್ಟ ಇಟ್ಟು ನೋಡಿದರೆ ಎರಡು ದಿಕ್ಕಿನಲ್ಲೂ ತಗ್ಗಿನ ತುದಿಯನ್ನು 21 ಮಿ.ಮೀ. ಎತ್ತಿದಾಗ ಗುಳ್ಳೆ ನಡುವೆ ಬರುತ್ತದೆ. ಮಣ್ಣು ಎರೆ.

ಸದ್ಯ ಬಲ ಹಿಂದಿನ ಗಾಲಿ ಒಂದು ಇಟ್ಟಿಗೆಯ ಮೇಲಿದೆ. ಉಳಿದ ವ್ಯತ್ಯಾಸವನ್ನು ಜಾಕಿ ವೀಲ್ ಮತ್ತು ಮೂಲೆಯ ನಾಲ್ಕು ಕಾಲುಗಳಿಂದ ಎತ್ತಿ ಸರಿಮಾಡಲಾಗಿದೆ. ಗುಳ್ಳೆ ನಡುವೆಯೇ ಇದೆ, ಆದರೆ ಬಾಗಿಲು ಮೇಲ್ಮೂಲೆಯಲ್ಲಿ ಹಿಡಿಯುತ್ತಿದೆ. ತಪ್ಪಿರುವುದು ಎಲ್ಲಿ?

ಹರಿಹರ_ವೆಲ್ಡಿಂಗ್

ಬಾಗಿಲು ಹಿಡಿಯುತ್ತಿದೆ ಅಂದರೆ ಷಾಸಿ (ಗಾಡಿಯ ಅಡಿಚೌಕಟ್ಟು) ತಿರುಚಿದೆ ಸರ್. ಮೂಲೆ ಕಾಲು ಇರುವುದು ಗಾಡಿ ಅಲ್ಲಾಡದಂತೆ ಹಿಡಿಯಲಿಕ್ಕೆ, ಎತ್ತಲಿಕ್ಕೆ ಅಲ್ಲ. ಅದರ ಸ್ಕ್ರೂ ಎತ್ತುವಷ್ಟು ಗಟ್ಟಿ ಇರುತ್ತದೆ, ಅದೇ ಅಪಾಯ: ತಿರುಗಿಸುವವರ ಕೈಗೆ ಭಾರವೇ ಗೊತ್ತಾಗುವುದಿಲ್ಲ. ಎಳೆಯುವ ಕ್ಯಾರವಾನ್‌ಗಳ ಷಾಸಿ 2.5ರಿಂದ 3 ಮಿ.ಮೀ. ತಗಡು ಮಡಚಿ ಮಾಡಿದ್ದು, ಮೂಲೆಯಲ್ಲಿ ಎತ್ತಿದರೆ ಬಾಗಿಲ ಚೌಕಟ್ಟು ವಜ್ರಾಕಾರಕ್ಕೆ ಹೋಗುತ್ತದೆ. ಹಾಗೇ ಬಿಟ್ಟರೆ ಮುಂದೆ ಕಿಟಕಿಯ ರಬ್ಬರ್ ಬಿಟ್ಟುಕೊಂಡು ಮಳೆನೀರು ಒಳಗೆ ಬರುತ್ತದೆ.

ಈಗಲೇ ಮಾಡಬೇಕಾದ್ದು: ನಾಲ್ಕೂ ಗಾಲಿಗೆ ಎರಡು ಬದಿಯಿಂದ ಅಡ್ಡ ಕೊಟ್ಟು, ಹಿಂದಿನ ಎರಡು ಕಾಲು ಮೊದಲು, ಆಮೇಲೆ ಮುಂದಿನ ಎರಡು ಸಡಿಲಿಸಿ. ಒಂದೇ ಕಾಲನ್ನು ಪೂರ್ತಿ ಬಿಡಬೇಡಿ, ನಾಲ್ಕೈದು ಸುತ್ತು ಇದನ್ನು, ನಾಲ್ಕೈದು ಸುತ್ತು ಅದನ್ನು. ಬಾಗಿಲು ತಾನಾಗಿ ಸರಿ ಕೂತರೆ ಷಾಸಿಗೆ ಶಾಶ್ವತ ಪೆಟ್ಟು ಬಿದ್ದಿಲ್ಲ ಎಂದೇ ಅರ್ಥ.

ಆಕ್ಸಲ್_ಮೇಷ್ಟ್ರು

ಹರಿಹರದವರು ಹೇಳಿದ್ದು ಸರಿ. ಆದರೆ ಮೂಲ ತಪ್ಪು ಆ ಒಂದು ಇಟ್ಟಿಗೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಒಂಟಿ ಆಕ್ಸಲ್ ಗಾಡಿಯ ಪಾಠ ಇಲ್ಲಿ ನಡೆಯುವುದಿಲ್ಲ.

ರಬ್ಬರ್ ಟಾರ್ಷನ್ ಆಕ್ಸಲ್ ಎಂದರೆ ಕೊಳವೆಯೊಳಗೆ ರಬ್ಬರ್ ದಿಂಡುಗಳನ್ನು ಬಿಗಿದು, ಅದಕ್ಕೆ ಒಂದು ತೋಳು, ತೋಳಿನ ತುದಿಗೆ ಗಾಲಿ. ಗಾಲಿ ಮೇಲೆ ಹೋದಷ್ಟೂ ರಬ್ಬರ್ ಹೆಚ್ಚು ತಿರುಚಿ ಹೆಚ್ಚು ಭಾರ ಹೊರುತ್ತದೆ. ಎರಡು ಆಕ್ಸಲ್‌ಗಳ ನಡುವೆ ಯಾವ ಸಂಬಂಧವೂ ಇಲ್ಲ, ಮುಂದಿನದಕ್ಕೆ ಹಿಂದಿನದರ ಸುದ್ದಿಯೇ ತಿಳಿಯದು. ಲೀಫ್ ಸ್ಪ್ರಿಂಗ್ ಗಾಡಿಯಾದರೆ ಎರಡು ಸ್ಪ್ರಿಂಗ್‌ಗಳ ನಡುವೆ ತಕ್ಕಡಿ ದಂಡದ ಹಾಗೆ ಒಂದು ರಾಕರ್ ಇರುತ್ತದೆ, ಒಂದು ಗಾಲಿ ಎದ್ದರೆ ಇನ್ನೊಂದು ಇಳಿದು ಭಾರ ಹಂಚಿಹೋಗುತ್ತದೆ. ನಿಮ್ಮದರಲ್ಲಿ ಅದಿಲ್ಲ.

ಹಾಗಾಗಿ ಬಲ ಹಿಂದಿನ ಗಾಲಿಯನ್ನಷ್ಟೇ ಎತ್ತಿದಾಗ ಬಲ ಮುಂದಿನ ಗಾಲಿ ಹೆಚ್ಚುಕಡಿಮೆ ನೇತಾಡುತ್ತಿರುತ್ತದೆ. ಜಾಕಿ ವೀಲ್ ಹೊರುವ ಸುಮಾರು 100 ಕೆಜಿ ಬಿಟ್ಟರೆ ಬಲಗಡೆಗೆ ಬರುವ 850 ಕೆಜಿಯಲ್ಲಿ ಬಹುಪಾಲು ಒಂದೇ ಟೈರಿಗೆ. ಟೈರಿನ ಪಕ್ಕದಲ್ಲಿ ಅಗಲ, ರಿಮ್ ಅಳತೆಯ ನಂತರ ಬರುವ ಅಂಕೆ ನೋಡಿ: 93 ಎಂದಿದ್ದರೆ ಅದರ ಮಿತಿ 650 ಕೆಜಿ, 102 ಎಂದಿದ್ದರೆ 850. ಮೂರು ತಿಂಗಳು ಹಾಗೇ ನಿಂತರೆ ಟೈರಿನ ಗೋಡೆಯೂ ಹಾಳು, ಆಕ್ಸಲ್‌ನ ರಬ್ಬರ್ ಕೂಡ ಅದೇ ಭಂಗಿಗೆ ಕುಸಿದು ನಿಲ್ಲುತ್ತದೆ.

ಈಗ ಲೆಕ್ಕ. 60 ಸೆಂ.ಮೀ.ಗೆ 21 ಮಿ.ಮೀ. ಎಂದರೆ ಮೀಟರಿಗೆ 35 ಮಿ.ಮೀ., ಸುಮಾರು 2 ಡಿಗ್ರಿ.

ಅಡ್ಡಕ್ಕೆ: 2 ಮೀಟರಿಗೆ 70 ಮಿ.ಮೀ. ಬಲಗಡೆಯ ಎರಡೂ ಗಾಲಿ ಇಷ್ಟು ಏರಬೇಕು.

ಉದ್ದಕ್ಕೆ: ಇದನ್ನೇ ಹೆಚ್ಚಿನವರು ಮರೆಯುವುದು. ಮೂತಿಯನ್ನು ಜಾಕಿ ವೀಲ್‌ನಿಂದ ಎತ್ತಿದರೆ ಗಾಡಿಯ ಒಡಲು ಮಟ್ಟವಾಗುತ್ತದೆ, ಆದರೆ ನೆಲ ಇಳಿಜಾರಾಗಿಯೇ ಉಳಿಯುತ್ತದೆ. 80 ಸೆಂ.ಮೀ. ಅಂತರದಲ್ಲಿ ಮುಂದಿನ ಗಾಲಿಯ ಕೆಳಗಿನ ನೆಲ 28 ಮಿ.ಮೀ. ತಗ್ಗು. ಅಷ್ಟು ಮಟ್ಟಿಗೆ ಮುಂದಿನ ಆಕ್ಸಲ್ ಸಡಿಲ, ಹಿಂದಿನ ಆಕ್ಸಲ್ ಬಿಗಿ. ಆದ್ದರಿಂದ ಮುಂದಿನ ಎರಡೂ ಗಾಲಿಗೆ 28 ಮಿ.ಮೀ. ಹೆಚ್ಚುವರಿ ಕೊಡಬೇಕು.

ಒಟ್ಟು: ಎಡ ಹಿಂದೆ 0, ಎಡ ಮುಂದೆ 28, ಬಲ ಹಿಂದೆ 70, ಬಲ ಮುಂದೆ 98.

ಜಾಕಿ ವೀಲ್ ಹಿಂದಿನ ಆಕ್ಸಲ್‌ನಿಂದ 4.6 ಮೀಟರ್ ಮುಂದಿದೆ: ಅಲ್ಲಿ ನೆಲ 161 ಮಿ.ಮೀ. ತಗ್ಗು. ಅಗಲದ ನಡುವೆ ಇರುವುದರಿಂದ ಇನ್ನೂ 35 ಸೇರಿಸಿ. 196, ಅಂದರೆ ಸಮನೆಲದಲ್ಲಿ ನಿಂತಾಗ ಇರುವುದಕ್ಕಿಂತ 20 ಸೆಂ.ಮೀ. ಎತ್ತರ ಬೇಕು. ಅಷ್ಟನ್ನೂ ಸ್ಕ್ರೂನಿಂದಲೇ ತೆಗೆಯಬೇಡಿ. ಸ್ಕ್ರೂವಿನ ಕೊನೆಯ ಕಾಲುಭಾಗ ಕೊಳವೆಯ ಒಳಗೇ ಇರಬೇಕು, ಇಲ್ಲದಿದ್ದರೆ ಪಕ್ಕದ ಒತ್ತಡಕ್ಕೆ ಬಾಗುತ್ತದೆ. 30×30 ಸೆಂ.ಮೀ. ಹಲಗೆಗಳನ್ನು ಒಂದರ ಮೇಲೊಂದು ಸ್ಕ್ರೂ ಹಾಕಿ 15 ಸೆಂ.ಮೀ. ಪೀಠ ಮಾಡಿ, ಉಳಿದ 5 ಸೆಂ.ಮೀ. ಸ್ಕ್ರೂನಿಂದ.

ಜಗಳೂರು_ಗಾಳಿ

ಇಷ್ಟೆಲ್ಲ ಏರಿಸುವ ಬದಲು ಎತ್ತರದ ಬದಿಯನ್ನೇ ಕೆರೆಯಬಾರದೇ? ಎಡ ಹಿಂದಿನ ಗಾಲಿಗೆ 98, ಎಡ ಮುಂದಿನದಕ್ಕೆ 70, ಬಲ ಹಿಂದಿನದಕ್ಕೆ 28 ಮಿ.ಮೀ. ತೋಡಿದರೆ ಅದೇ ಲೆಕ್ಕ. ಗಾಡಿ ತಗ್ಗಿನಲ್ಲಿ ಕೂತಷ್ಟೂ ಗಾಳಿಗೆ ಭದ್ರ. ನಮ್ಮ ಕಡೆಯ ಕೆಂಪು ಗರಸು ನೆಲದಲ್ಲಿ ಹಲಗೆಗಿಂತ ಇದೇ ಮೇಲು, ಗುದ್ದಲಿ ಒಂದು ಇದ್ದರೆ ಸಾಕು.

ಎರೆಮಣ್ಣು

ಕೆಂಪು ನೆಲಕ್ಕೆ ಒಪ್ಪುತ್ತೇನೆ, ನೀರು ಹೊರಹೋಗಲು ಒಂದು ಬಾಯಿ ಬಿಟ್ಟರೆ. ಎರೆಯಲ್ಲಿ ಮಾತ್ರ ದಯವಿಟ್ಟು ತೋಡಬೇಡಿ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ತೋಡಿದ ಗುಂಡಿ ಎಂದರೆ ನೀರು ನಿಲ್ಲುವ ಬಟ್ಟಲು. ಗಾಲಿಯ ಕೆಳಗೆ ಮಣ್ಣು ಪಾಯಸ ಆಗುತ್ತದೆ, ಬ್ರೇಕ್ ಡ್ರಮ್ ತೇವದಲ್ಲೇ ಇದ್ದು ತುಕ್ಕು ಹಿಡಿಯುತ್ತದೆ. ಇನ್ನೊಂದು ವಿಷಯ: ಗಾಡಿಯ ನೆರಳಿನ ನಡುಭಾಗ ಒಣಗಿಯೇ ಇರುತ್ತದೆ, ಅಂಚಿಗೆ ಮಳೆ ಬೀಳುತ್ತದೆ, ಮೇಲ್ಛಾವಣಿಯ ನೀರೂ ಅಲ್ಲೇ ಸುರಿಯುತ್ತದೆ. ಗಾಲಿಗಳಿರುವುದು ಅಂಚಿನಲ್ಲಿ. ಹಾಗಾಗಿ ಒಂದು ಬದಿ ಉಬ್ಬಿ ಇನ್ನೊಂದು ಬದಿ ಹಾಗೇ ಉಳಿಯುವುದು ಎರೆಯಲ್ಲಿ ಸಾಮಾನ್ಯ.

ಟೈರಿನಲ್ಲಿ 4 ಬಾರ್ ಗಾಳಿ ಇದ್ದರೆ ಅದು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಚದರ ಸೆಂ.ಮೀ.ಗೆ 4 ಕೆಜಿಯಂತೆ. 425 ಕೆಜಿ ಭಾರ ಒಂದು ಅಂಗೈಯಷ್ಟು ಜಾಗದ ಮೇಲೆ. ಅದೇ ಎರಡು ಗಾಲಿಯ 850 ಕೆಜಿಯನ್ನು 22 ಸೆಂ.ಮೀ. ಅಗಲ, 160 ಸೆಂ.ಮೀ. ಉದ್ದದ ಹಲಗೆಯ ಮೇಲೆ ಹರಡಿದರೆ ಚದರ ಸೆಂ.ಮೀ.ಗೆ ಕಾಲು ಕೆಜಿ ಕೂಡ ಬರುವುದಿಲ್ಲ. ಹಲಗೆ ಬಾಗುವುದರಿಂದ ವಾಸ್ತವದಲ್ಲಿ ಇಷ್ಟು ಚೆನ್ನಾಗಿ ಹರಡದು, ಆದರೂ ವ್ಯತ್ಯಾಸ ಅಪಾರ. ಅದಕ್ಕೇ ಎಡಗಡೆಗೂ, ಎತ್ತರ ಬೇಕಿಲ್ಲದಿದ್ದರೂ, ಹಲಗೆ ಹಾಕಿ. ಎರಡೂ ಬದಿಗೆ ಒಂದೇ ದಪ್ಪದ ಅಡಿಹಲಗೆ ಹಾಕಿದರೆ ಲೆಕ್ಕ ಕೆಡುವುದಿಲ್ಲ. ಜಾಕಿ ವೀಲ್ ಪೀಠಕ್ಕೂ ಅಷ್ಟೇ ದಪ್ಪ ಸೇರಿಸಿದರಾಯಿತು.

ಮೂರು ತಿಂಗಳಿಗಾದರೆ ಅದರ ಕೆಳಗೆ ಗರಸು ಹಾಸು ಬೇಕೇ ಬೇಕು. ಒಂದೊಂದು ಬದಿಗೆ 2.2 ಮೀ. ಉದ್ದ, 60 ಸೆಂ.ಮೀ. ಅಗಲ, 15 ಸೆಂ.ಮೀ. ದಪ್ಪ. ಎರಡೂ ಸೇರಿ ದಮ್ಮಸು ಹೊಡೆದ ಮೇಲೆ 14 ಘನ ಅಡಿ, ಸಡಿಲ ಗರಸು ತರಿಸುವಾಗ 18 ಹೇಳಿ. ಮೇಲ್ಮಣ್ಣು, ಹುಲ್ಲಿನ ಬೇರು ತೆಗೆದು, 7-8 ಸೆಂ.ಮೀ.ನ ಎರಡು ಪದರ ಹಾಕಿ, ಸ್ವಲ್ಪ ನೀರು ಚಿಮುಕಿಸಿ ದಮ್ಮಸು ಮಾಡಿ. ಹಾಸು ನೆಲಕ್ಕಿಂತ ಎದ್ದಿರಬೇಕು, ಒಳಗೆ ಹುದುಗಿರಬಾರದು. ಎತ್ತರದ ಬದಿಯಲ್ಲಿ, ಅಂದರೆ ಗಾಡಿಯ ಎಡಕ್ಕೆ ಮತ್ತು ಹಿಂದಕ್ಕೆ, ಒಂದು ಗೇಣು ಆಳದ ಬಸಿಗಾಲುವೆ ತೆಗೆದು ನೀರನ್ನು ತಿರುಗಿಸಿ.

ದುರ್ಗದ_ಗಾರೆ

ಗರಸು ಹಾಕ್ತೀರಿ ಅಂದ್ರೆ ಮಟ್ಟ ಅಲ್ಲೇ ಅರ್ಧ ತಗೀರಿ. ರಸಮಟ್ಟ ಬ್ಯಾಡ, ನೀರಿನ ಟ್ಯೂಬ್ ಹಿಡೀರಿ. 6 ಮೀಟರ್ ಪಾರದರ್ಶಕ ಪೈಪು, ಒಳಗೆ ಒಂದು ಗುಳ್ಳೆನೂ ಇರಬಾರ್ದು. ಎರಡೂ ತುದಿ ಒಂದೇ ಕಡೆ ಹಿಡಿದು ನೀರು ಸಮ ನಿಂತ್ರೆ ಪೈಪು ಸರಿ ಐತೆ. ನಾಲ್ಕು ಗಾಲಿ ನಿಲ್ಲೋ ಜಾಗದಾಗೆ ನಾಲ್ಕು ಗೂಟ, ನಾಲ್ಕಕ್ಕೂ ನೀರಿನ ಮಟ್ಟದ ಗುರುತು, ಗುರುತಿನಿಂದ ಕೆಳಗೆ ಟೇಪು. ಗಾಡಿ ತರೋಕಿಂತ ಮುಂಚೆನೇ ಯಾವ ಗಾಲಿಗೆ ಎಷ್ಟು ಅಂತ ಗೊತ್ತಾಗುತ್ತೆ.

ಇಟ್ಟಿಗೆ, ಸಿಮೆಂಟ್ ಬ್ಲಾಕು, ಕಡಪ ಕಲ್ಲು ಮೂರೂ ಗಾಲಿ ಕೆಳಗೆ ಹಾಕಬ್ಯಾಡ್ರಿ. ಇಟ್ಟಿಗೆ ಪುಡಿ ಆಗುತ್ತೆ. ತೂತಿರೋ ಬ್ಲಾಕು ಮಲಗಿಸಿ ಹಾಕಿದ್ರೆ ಸೂಚನೆ ಇಲ್ಲದೆ ಒಡೀತದೆ. ಕಡಪ ಕಲ್ಲು ಕೆಳಗೆ ಪೂರ್ತಿ ಆಸರೆ ಇಲ್ಲದಿದ್ರೆ ಎರಡು ತುಂಡು. ಸೈಜುಗಲ್ಲು ಒಡೆಯಲ್ಲ, ಆದ್ರೆ ಗಾಲಿ ಹತ್ತುವಾಗ ಉರುಳ್ತದೆ.

ಹಿನ್ನೀರು_ತೋಟ

ಕಾಲುಗಳನ್ನು ಇಳಿಸಿದ ಮೇಲೆ ಬಾಗಿಲು ಸರಿಯಾಗಿ ಕೂತಿತು. ಗರಸು ಹೇಳಿದ್ದೇನೆ, ಹಾಸನ್ನು ನೆಲದ ಇಳಿಜಾರಿನಂತೆಯೇ ಹಾಕಿ ಎತ್ತರವನ್ನು ಹಲಗೆಯಲ್ಲಿ ಕೊಡುವ ಯೋಚನೆ. ಸೆಂಟ್ರಿಂಗ್ ಹಲಗೆ ಸಿಗುತ್ತವೆ, 35 ಮಿ.ಮೀ. ಮತ್ತು 25 ಮಿ.ಮೀ. ದಪ್ಪ. ಗಾಲಿ ಹತ್ತಿಸಲು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬೆಣೆ ರ್ಯಾಂಪ್, ಗಾಲಿಯ ಕೆಳಗಿಟ್ಟು ಉಬ್ಬಿಸಿ ಎತ್ತುವ ಗಾಳಿ ಚೀಲ ಇವು ಒಳ್ಳೆಯವೇ?

ಆಕ್ಸಲ್_ಮೇಷ್ಟ್ರು

ಪ್ಲಾಸ್ಟಿಕ್ ಬೆಣೆ ಕೊಳ್ಳುವ ಮೊದಲು ಎರಡು ಗಾಲಿಗಳ ನಡುವಿನ ಖಾಲಿ ಜಾಗ ಅಳೆಯಿರಿ. ಆಕ್ಸಲ್ ಅಂತರ 80, ಟೈರಿನ ವ್ಯಾಸ 60 ಆದರೆ ನಡುವೆ ಉಳಿಯುವುದು 20 ಸೆಂ.ಮೀ. ಮಾತ್ರ. ಉದ್ದದ ಬೆಣೆ ಅಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ಎರಡೂ ಗಾಲಿ ಒಂದೇ ಹೊತ್ತಿಗೆ ಒಂದೇ ಎತ್ತರದಲ್ಲಿ ನಿಲ್ಲುವಂತೆ ಓಡಿಸುವುದು ಕಷ್ಟ. ಜೋಡಿ ಆಕ್ಸಲ್‌ಗೆ ಮೆಟ್ಟಿಲು ಹಲಗೆಯೇ ನನ್ನ ಆಯ್ಕೆ.

ಬಲಗಡೆಗೆ: ಕೆಳಗೆ 35 ಮಿ.ಮೀ., 140 ಸೆಂ.ಮೀ. ಉದ್ದ. ಅದರ ಮೇಲೆ 35 ಮಿ.ಮೀ., 120 ಸೆಂ.ಮೀ. ಉದ್ದ, ಮುಂದಿನ ತುದಿ ಸಮ ಇರಲಿ, ಹಿಂದೆ 20 ಸೆಂ.ಮೀ. ಮೆಟ್ಟಿಲು ಉಳಿಯುತ್ತದೆ. ಅದರ ಮೇಲೆ ಮುಂದಿನ ತುದಿಗೆ 25 ಮಿ.ಮೀ., 40 ಸೆಂ.ಮೀ. ತುಂಡು. ಗಾಡಿ ಮುಂದಕ್ಕೆ ಬರುವಾಗ ಮುಂದಿನ ಗಾಲಿ ಮೂರೂ ಮೆಟ್ಟಿಲು ಹತ್ತುತ್ತದೆ, ಹಿಂದಿನದು ಎರಡೇ. ಎಡಗಡೆಗೆ ಮುಂದಿನ ಗಾಲಿ ನಿಲ್ಲುವಲ್ಲಿ 25 ಮಿ.ಮೀ. ತುಂಡು. ಎರೆಮಣ್ಣು ಅವರು ಹೇಳಿದ ಅಡಿಹಲಗೆ ಎರಡೂ ಕಡೆ ಇವೆಲ್ಲದರ ಕೆಳಗೆ, 160 ಸೆಂ.ಮೀ. 28ರ ಬದಲು 25 ಆಗುವುದರಿಂದ ತೊಂದರೆಯಿಲ್ಲ, 3 ಮಿ.ಮೀ.ಗೆ ರಬ್ಬರ್ ಲೆಕ್ಕಿಸದು.

ಹಿಂಬದಿ ಅಂಚುಗಳನ್ನು 45 ಡಿಗ್ರಿ ಕೊಯ್ಯಿಸಿ. ಪದರಗಳನ್ನು ಒಂದಕ್ಕೊಂದು ಸ್ಕ್ರೂ ಹಾಕಿ, ತಲೆ ಮರದೊಳಗೆ ಇಳಿದಿರಲಿ. ಸೆಂಟ್ರಿಂಗ್ ಹಲಗೆಯಲ್ಲಿ ಹಳೆ ಮೊಳೆ ಇದ್ದೇ ಇರುತ್ತವೆ, ಒಂದೊಂದನ್ನೂ ಕಿತ್ತೇ ಬಳಸಿ. ನೀಲಗಿರಿ ಸೀಳುತ್ತದೆ. ಕರಿಜಾಲಿ ಸಿಕ್ಕರೆ ಅದಕ್ಕಿಂತ ಗಟ್ಟಿ ಬೇಡ, ಬಂಡಿ ಗಾಲಿಗೆ ಬಳಸುತ್ತಿದ್ದ ಮರ ಅದು.

ಗಾಳಿ ಚೀಲ ಕ್ಷಣದಲ್ಲಿ ಕೆಲಸ ಮುಗಿಸುತ್ತದೆ, ಒಂದೆರಡು ರಾತ್ರಿಗೆ ಚೆನ್ನ. ಬಳ್ಳಾರಿ ಜಾಲಿ ಮುಳ್ಳಿರುವ ನೆಲದಲ್ಲಿ ಕೆಳಗೆ ದಪ್ಪ ಚಾಪೆ ಇಲ್ಲದೆ ಹಾಕಬಾರದು. ಹಗಲು ಬಿಸಿಲಿಗೆ ಹಿಗ್ಗಿ ಇರುಳು ಕುಗ್ಗುವುದರಿಂದ ಮೂರು ತಿಂಗಳಿಗೆ ಆಗದು.

ಹರಿಹರ_ವೆಲ್ಡಿಂಗ್

ಹಲಗೆ ಹತ್ತಿಸುವ ಕೊನೆಯ ಮೂರು ಮೀಟರ್ ಗಾಡಿ ನೇರ ಬರಬೇಕು, ಇದು ಬಹಳ ಮುಖ್ಯ. ಜೋಡಿ ಆಕ್ಸಲ್ ನಿಂತಲ್ಲೇ ತಿರುಗುವುದಿಲ್ಲ, ಟೈರುಗಳು ಪಕ್ಕಕ್ಕೆ ಉಜ್ಜಿಕೊಂಡು ಹಲಗೆಯನ್ನು ಒದ್ದು ಹೊರಗೆ ಹಾಕುತ್ತವೆ. ಒಂದು ಬದಿ ತಪ್ಪಿದರೆ ಮೂತಿ ತಿರುಗಿಸಿ ಸರಿಪಡಿಸಲು ಹೋಗದೆ, ಪೂರ್ತಿ ಹಿಂದೆ ಹೋಗಿ ಮತ್ತೆ ನೇರ ಬನ್ನಿ. ಪಕ್ಕದಲ್ಲಿ ಒಬ್ಬರು ನಿಂತು ಕೈ ತೋರಿಸಲಿ, ಮುಂದೆ ಯಾರೂ ನಿಲ್ಲಬಾರದು.

ಹತ್ತಿದ ಕೂಡಲೇ ಹ್ಯಾಂಡ್‌ಬ್ರೇಕ್, ಆಮೇಲೆ ಗಾಲಿಗೆ ಅಡ್ಡ, ಕೊಂಡಿ ಬಿಡಿಸುವುದು ಆಮೇಲೆಯೇ. 2 ಡಿಗ್ರಿ ಇಳಿಜಾರಿನಲ್ಲಿ 1,800 ಕೆಜಿ ಗಾಡಿ ಸುಮಾರು 63 ಕೆಜಿ ಬಲದಿಂದ ಮುಂದಕ್ಕೆ ಜಗ್ಗುತ್ತಿರುತ್ತದೆ. ಮುಂದಿನ ಗಾಲಿಗಳ ಮುಂದೆ ಕೊಡುವ ಅಡ್ಡೆಯನ್ನು ಹಲಗೆಗೇ ಸ್ಕ್ರೂ ಮಾಡಿ, ಸುಮ್ಮನೆ ಇಟ್ಟರೆ ಮರದ ಮೇಲೆ ಮರ ಜಾರುತ್ತದೆ. ಬ್ರೇಕ್ ಶೂ ಡ್ರಮ್‌ಗೆ ಅಂಟದಿರಲು ಮೂರು ವಾರಕ್ಕೊಮ್ಮೆ, ಅಡ್ಡೆಗಳನ್ನು ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಬಿಟ್ಟು ಮತ್ತೆ ಎಳೆಯಿರಿ.

ಕೊಂಡಿ ಬಿಟ್ಟ ಮೇಲೆ ಜಾಕಿ ವೀಲ್‌ನಿಂದ ಮೂತಿ ಎತ್ತಿ. ಉದ್ದದ ಮಟ್ಟ ಸಿಕ್ಕಿದ ನಂತರವೇ ಮೂಲೆ ಕಾಲು: ಪೀಠಕ್ಕೆ ತಾಗಿದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲು. ಗುಳ್ಳೆ ಕದಲಿದರೆ ಜಾಸ್ತಿಯಾಯಿತು ಎಂದು ತಿಳಿದು ಹಿಂದಕ್ಕೆ ತಿರುಗಿಸಿ. ಬಲ ಮುಂದಿನ ಕಾಲು ನೆಲಕ್ಕೆ ನಿಲುಕುವುದಿಲ್ಲ, ಅದಕ್ಕೆ 20 ಸೆಂ.ಮೀ. ಪೀಠ ಸಿದ್ಧ ಇರಲಿ.

ಮಾಯಕೊಂಡ_ಅಕ್ಕ

ರಸಮಟ್ಟ ಎಲ್ಲಿ ಇಡುತ್ತೀರಿ ಎನ್ನುವುದೂ ಮುಖ್ಯ. ಊಟದ ಮೇಜು, ಮಂಚ ಎರಡೂ ನಂಬಿಕೆಗೆ ಅರ್ಹವಲ್ಲ. ಆಕ್ಸಲ್‌ಗಳ ಮೇಲೆ ಬರುವ ನೆಲಹಾಸಿನಲ್ಲಿ ನೋಡಿ. ಮಟ್ಟವನ್ನು ತುದಿ ಮೊದಲಾಗಿ ತಿರುಗಿಸಿ ಇಟ್ಟಾಗಲೂ ಗುಳ್ಳೆ ಅಲ್ಲೇ ನಿಲ್ಲಬೇಕು, ಇಲ್ಲವಾದರೆ ಮಟ್ಟವೇ ತಪ್ಪು. ಮೊಬೈಲ್‌ನಲ್ಲಿ ನೋಡುವವರು ಕ್ಯಾಮೆರಾ ಉಬ್ಬು ಮರೆಯಬೇಡಿ.

ಗ್ಯಾಸ್‌ನಲ್ಲಿ ನಡೆಯುವ ಹೀರಿಕೆ ಮಾದರಿಯ ಫ್ರಿಡ್ಜ್ ಇದ್ದರೆ ಮಟ್ಟ ಬಹಳ ಬೇಕು, ಅದರಲ್ಲಿ ದ್ರವ ತನ್ನ ಭಾರದಿಂದಲೇ ಹರಿಯುವುದು. 3 ಡಿಗ್ರಿ ದಾಟಿದರೆ ತಂಪು ನಿಲ್ಲುತ್ತದೆ, ಬಿಸಿಯಾಗುವ ಭಾಗ ಹಾಳಾಗುತ್ತದೆ. ಕಂಪ್ರೆಸರ್ ಫ್ರಿಡ್ಜ್‌ಗೆ ಈ ಚಿಂತೆ ಇಲ್ಲ. ಸ್ನಾನದ ತಟ್ಟೆಯ ತೂತು ಯಾವ ಬದಿಗಿದೆಯೋ ಆ ಕಡೆಗೆ 4-5 ಮಿ.ಮೀ. ವಾಟ ಉಳಿಸಿಕೊಳ್ಳಿ, ಗುಳ್ಳೆ ಕೂದಲೆಳೆ ಸರಿದಿದ್ದರೆ ಪರವಾಗಿಲ್ಲ.

ಜಗಳೂರು_ಗಾಳಿ

ಎರೆಯ ವಿಷಯ ಒಪ್ಪಿದೆ. ಗಾಳಿಯ ಮಾತು ಮಾತ್ರ ಬಿಡಬೇಡಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲುಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿ ಪಶ್ಚಿಮ, ನೈಋತ್ಯದಿಂದ. 7 ಮೀಟರ್ ಉದ್ದ, 2.4 ಮೀಟರ್ ಎತ್ತರದ ಪಕ್ಕದ ಗೋಡೆಗೆ ಗಂಟೆಗೆ 54 ಕಿ.ಮೀ. ಗಾಳಿ ನೇರ ಬಡಿದರೆ 250 ಕೆಜಿಗೂ ಮೀರಿದ ಒತ್ತಡ. ಮೂತಿ ಪಶ್ಚಿಮಕ್ಕೆ, ಬಾಗಿಲು ಗಾಳಿಯ ಮರೆಗೆ ಬರುವಂತೆ ಜಾಗ ಆರಿಸಿ, ಹಾಸು ಹಾಕುವ ಮೊದಲೇ. ಎತ್ತರಿಸಿದ ಬದಿ ಗಾಳಿಗೆ ಎದುರಾದರೆ ಷಾಸಿಯಿಂದ ಎರಡು ಪಟ್ಟಿ ನೆಲದ ಗೂಟಕ್ಕೆ ಬಿಗಿಯಿರಿ.

ಹಿನ್ನೀರು_ತೋಟ

ಹಾಸು, ಹಲಗೆ ಎಲ್ಲ ಹೇಳಿದಂತೆ ಆಯಿತು, ಮೂತಿ ಪಶ್ಚಿಮಕ್ಕಿದೆ. ಷಾಸಿಯ ತಳದಿಂದ ಗಾಲಿಯ ನಡುಬಿಂದುವಿಗೆ ಅಳೆದೆ: ಎಡ ಮುಂದೆ 211, ಎಡ ಹಿಂದೆ 208, ಬಲ ಮುಂದೆ 213, ಬಲ ಹಿಂದೆ 208 ಮಿ.ಮೀ. ಇದು ಸರಿಯೇ?

ಆಕ್ಸಲ್_ಮೇಷ್ಟ್ರು

ಚೆನ್ನಾಗಿದೆ. ಅಳತೆ ಹೆಚ್ಚಿದ್ದರೆ ಗಾಲಿ ಕೆಳಗೆ ಇಳಿದಿದೆ, ಭಾರ ಕಡಿಮೆ ಎಂದರ್ಥ. ಎಡಗಡೆಯ 3 ಮಿ.ಮೀ. ವ್ಯತ್ಯಾಸ 28ಕ್ಕೆ 25ರ ಹಲಗೆ ಹಾಕಿದ್ದರಿಂದ ಬಂದದ್ದು. ಬಲಗಡೆಯ 5ರಲ್ಲಿ ಅದು 3, ಉಳಿದ 2 ಹಲಗೆ ಗರಸಿನಲ್ಲಿ ಒತ್ತಿಕೊಂಡದ್ದು. ಒಂದೇ ಬದಿಯ ಎರಡು ಗಾಲಿಗೆ 10 ಮಿ.ಮೀ. ವರೆಗೆ ನಾನು ಕೈ ಹಾಕುವುದಿಲ್ಲ.

ಈ ನಾಲ್ಕು ಅಂಕೆಗಳನ್ನು ಬಾಗಿಲ ಒಳಬದಿಗೆ ಬರೆದಿಟ್ಟು, ಮೊದಲ ದೊಡ್ಡ ಮಳೆಯ ಮರುದಿನ ಮತ್ತೆ ಅಳೆಯಿರಿ. ಬಲ ಮುಂದಿನದು 220 ದಾಟಿದ್ದರೆ ಮೂಲೆ ಕಾಲುಗಳನ್ನು ಸಡಿಲಿಸಿ, ಆಕ್ಸಲ್ ಅನ್ನು ಷಾಸಿಗೆ ಕೂಡಿಸುವ ಪ್ಲೇಟಿನ ಕೆಳಗೆ, 30×30 ಹಲಗೆಯ ಮೇಲೆ, 2 ಟನ್ ಬಾಟಲ್ ಜಾಕ್ ಕೊಟ್ಟು ಎತ್ತಿ. ಆಕ್ಸಲ್ ಕೊಳವೆಯ ನಡುವಿಗೆ ಜಾಕ್ ಕೊಡಬೇಡಿ, ಬಾಗುತ್ತದೆ. ಗಾಲಿ ಹಗುರಾದಾಗ 6 ಮಿ.ಮೀ. ಪ್ಲೈವುಡ್ ತುಂಡನ್ನು ಕೋಲಿನಿಂದ ಒಳಗೆ ತಳ್ಳಿ, ಕೈ ಹಾಕಬೇಡಿ. ಜಾಕ್ ಇಳಿಸಿ, ಜಾಕಿ ವೀಲ್ ನೋಡಿಕೊಂಡು, ಕಾಲುಗಳಿಗೆ ಮತ್ತೆ ಅರ್ಧ ಸುತ್ತು.